ಅಂಗಡಿ ಅಂಗಡಿಗೂ ನಿಲ್ಲುತ್ತಿದ್ದ ಕಾಕಾ

ಬೇಗಂ ಬಜಾರಿನ ಒಂದು ಹಿತ್ತಾಳೆ ಪಾತ್ರೆ ಅಂಗಡಿಯ ಮುಂದೆ ಈಗಲೂ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಇರುತ್ತದೆ. ಅದರ ಒಂದು ಕಾಲು ಸೀಳಿದೆ, ಪ್ಯಾಕಿಂಗ್ ಟೇಪು ಸುತ್ತಿದ್ದಾರೆ. ಅಂಗಡಿಯ ಸೇಠ್ ಅದನ್ನು ಗಿರಾಕಿಗಳಿಗೆಂದು ಇಟ್ಟದ್ದಲ್ಲ, ನಮ್ಮ ಕಾಕಾಗೆಂದು ಇಟ್ಟದ್ದು. ಕಾಕಾ ಹೋಗಿ ಒಂದು ಮಳೆಗಾಲ ಕಳೆಯಿತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಸ್ಟೂಲು ಮಾತ್ರ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಕಾಕಾ ನನ್ನ ಸಂಬಂಧಿಕರಲ್ಲ. ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು. ವಿಜಯಪುರದ ಕಡೆಯವರು, ಹರೆಯದಲ್ಲೇ ಇಲ್ಲಿಯ ಒಂದು ಸರ್ಕಾರಿ ಕಾರ್ಖಾನೆಗೆ ಕೆಲಸಕ್ಕೆ ಬಂದು, ಅದರ ಕಂಪ್ರೆಸರ್ ವಿಭಾಗದಲ್ಲೇ ಇದ್ದು ನಿವೃತ್ತರಾದರು. ನನ್ನ ಗಂಡನೂ ಅದೇ ಕಾರ್ಖಾನೆ. ಮದುವೆಯಾಗಿ ಕೊಪ್ಪಳದಿಂದ ಬಂದ ಹೊಸದರಲ್ಲಿ ನನಗೆ ಗೇಟಿನ ಆಚೆಯ ತೆಲುಗು, ಹಿಂದಿ ಎರಡೂ ಒಂದೇ ಗದ್ದಲವಾಗಿ ಕೇಳಿಸುತ್ತಿದ್ದವು. ಬಾಗಿಲು ತೆರೆದರೆ ಮಾತ್ರ ಎದುರು ಮನೆಯಿಂದ ಕನ್ನಡ ಬರುತ್ತಿತ್ತು. ಅದೂ ಹೆಚ್ಚಾಗಿ ಜಗಳದ ಕನ್ನಡ. ಕಾಕಾ ಸಿಗರೇಟು ಹಚ್ಚಿದ್ದಕ್ಕೆ ಅವರ ಹೆಂಡತಿ ಕಾಕು ಬೈಯುವುದು, ಕಾಕು ಬೈದದ್ದಕ್ಕೆ ಕಾಕಾ ನಗುವುದು. ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡು ಊರಲ್ಲೇ ಇದ್ದೇನೆ ಅಂದುಕೊಳ್ಳುತ್ತಿದ್ದೆ.

ತಿಂಗಳ ಮೊದಲ ವಾರ ಬೇಗಂ ಬಜಾರಿಗೆ ಹೋಗುವುದು ಅವರ ಮನೆಯ ಪದ್ಧತಿ. ನಮ್ಮ ಗಲ್ಲಿಯಲ್ಲೇ ಎಲ್ಲ ಸಿಗುತ್ತಿತ್ತು, ಆದರೂ ಬೇಳೆ, ಹುಣಸೆಹಣ್ಣು, ಒಣಮೆಣಸಿನಕಾಯಿ ಅಲ್ಲಿಂದಲೇ ಬರಬೇಕು. ನನ್ನನ್ನೂ ಸೇರಿಸಿಕೊಂಡರು. ಮಡಚಿದ ಕೈಚೀಲಗಳನ್ನು ಕಂಕುಳಲ್ಲಿಟ್ಟುಕೊಂಡು ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿದು, ಅಲ್ಲಿಂದ ನಡಿಗೆ. ಆಟೋ ಕಂಡರೆ ಕಾಕಾ ಮುಖ ತಿರುಗಿಸುತ್ತಿದ್ದರು. "ಬಜಾರ ಅನ್ನೂದು ನಡದು ಮಾಡೂದು ತಂಗೆವ್ವ. ಆಟೋದಾಗ ಕುಂತ್ರ ಬರೇ ಧೂಳ ಕಾಣತೈತಿ."

ಬೇಳೆಯನ್ನು ಹಲ್ಲಲ್ಲಿ ಕಡಿದು, "ಟಕ್" ಅಂದರೆ ಮಾತ್ರ ತೆಗೆದುಕೊಳ್ಳುವುದನ್ನು ಅವರೇ ಕಲಿಸಿದ್ದು. ಹಿತ್ತಾಳೆ ತಂಬಿಗೆಯನ್ನು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿಯುತ್ತಿದ್ದರು, ಒಳಗೆ ಯಾರೋ ಮಾತಾಡುತ್ತಿದ್ದಾರೇನೋ ಎಂಬಂತೆ. ಕೊಳ್ಳುತ್ತಿರಲಿಲ್ಲ. ಸೇಠ್ ಹಿಂದಿಯಲ್ಲಿ ಕಾಡುತ್ತಿದ್ದ: "ಚಾಚಾ, ಇಷ್ಟು ವರ್ಷ ಬಡಿದಿದ್ದೀರಿ, ಒಂದಾದರೂ ಒಯ್ಯಿರಿ." ಕಾಕಾ ತಂಬಿಗೆಯನ್ನು ಮೆಲ್ಲಗೆ ಇಟ್ಟು, "ಇನ್ನೂ ಹಾಡು ಹತ್ತಿಲ್ಲ ಸೇಠ್‌ಜಿ" ಅನ್ನುವರು. ಅಷ್ಟೇ ವ್ಯಾಪಾರ.

ಅವರ ನಡಿಗೆಯೇ ಹಾಗೆ. ಸ್ಟೇಷನ್ನಿನಿಂದ ಹೊರಟರೆ ಮೊದಲು ಬಾಳೆಹಣ್ಣಿನ ತಳ್ಳುಗಾಡಿಯ ಹತ್ತಿರ ನಿಲ್ಲುವರು. ಆಮೇಲೆ ಹಗ್ಗದ ಅಂಗಡಿ. ಆಮೇಲೆ ಈ ಹಿತ್ತಾಳೆ ಸೇಠ್. ಆಮೇಲೆ ಒಣದ್ರಾಕ್ಷಿ, ಗೋಡಂಬಿಯ ಮೂಟೆಗಳ ಮುಂದೆ. ನಿಂತಲ್ಲೆಲ್ಲ ಮಾತು. ಹಗ್ಗದವನ ಮಗಳ ಪರೀಕ್ಷೆ, ಬಾಳೆಹಣ್ಣಿನವನ ಬಾಡಿಗೆ ಮನೆ, ಸೇಠ್‌ನ ಹಲ್ಲುನೋವು, ಎಲ್ಲವೂ ಕಾಕಾಗೆ ಗೊತ್ತು. ಯಾರಾದರೂ ಅವಸರ ಮಾಡಿದರೆ, "ಬಜಾರ ಎಲ್ಲಿ ಓಡಿ ಹೋಗತೈತಿ?" ಅನ್ನುವರು.

ಮತ್ತೆ ಕಾಕು. ಕಾಕುಗೆ ಮಂಡಿನೋವು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ತಲೆ ತಗ್ಗಿಸಿ, ನಮ್ಮ ಹಿಂದೆ ನಿಧಾನವಾಗಿ ಬರುತ್ತಿದ್ದರು. ಅವರು ಬಂದು ಮುಟ್ಟುವವರೆಗೂ ಕಾಕಾ ನಿಂತಿರುತ್ತಿದ್ದರು. ಕಾಕು ಬಂದ ಕೂಡಲೇ ಹೊರಡುವುದು. ಕಾಕು ಒಮ್ಮೆ, ಸೊಪ್ಪು ಬಿಡಿಸುತ್ತಾ ನನ್ನ ಮುಂದೆ ಹೇಳಿದ್ದರು: "ಬಾಯಾಗ ಎಂದೂ ಒಂದ್ ಛಲೋ ಮಾತು ಬರೂದಿಲ್ಲ ಈ ಮನಷ್ಯಾಗ. ಆದ್ರ ನೋಡು, ಅಂಗಡಿ ಅಂಗಡಿಗೂ ನನ್ ಸಲುವಾಗಿ ನಿಲ್ತಾರ. ನಾ ಹಿಂದ ಉಳದೀನಿ ಅಂತ ಒಮ್ಮೇನೂ ಅನಿಸಿಲ್ಲ ನನಗ." ಹೇಳುವಾಗ ಅವರ ಮುಖ ಸೊಪ್ಪಿನ ಕಡೆಗೇ ಇತ್ತು. ಕಿವಿ ಮಾತ್ರ ಕೆಂಪಾಗಿತ್ತು.

ಬೀದಿಯವರೂ ಹಾಗೇ ನಂಬಿದ್ದರು. "ಚಾಚೀ ಆ ಗಯೀ, ಅಬ್ ಚಲೋ" ಎಂದು, ಚಾಚಿ ಬಂದರು ಇನ್ನು ಹೊರಡಿ ಎಂದು, ಹಗ್ಗದವನು ಕಾಕಾನನ್ನು ರೇಗಿಸುತ್ತಿದ್ದ. ಕಾಕಾ ಇಲ್ಲ ಅನ್ನುತ್ತಿರಲಿಲ್ಲ, ಹೌದೂ ಅನ್ನುತ್ತಿರಲಿಲ್ಲ. ತಲೆಗೆ ಕಟ್ಟಿದ ಕರವಸ್ತ್ರ ಬಿಚ್ಚಿ ಕುತ್ತಿಗೆ ಒರೆಸಿಕೊಳ್ಳುವರು.

ವರ್ಷಗಳು ಹೋದಂತೆ ನಿಲ್ಲುವ ಜಾಗಗಳು ಹೆಚ್ಚಾದವು. ಬಾಳೆಹಣ್ಣಿಗೂ ಹಗ್ಗಕ್ಕೂ ನಡುವೆ ಒಂದು ಬೀಗದ ಅಂಗಡಿ ಸೇರಿತು. ಹಗ್ಗಕ್ಕೂ ಹಿತ್ತಾಳೆಗೂ ನಡುವೆ ಬರೀ ಒಂದು ಕರೆಂಟ್ ಕಂಬ. ಕಂಬದ ಹತ್ತಿರ ಮಾತಾಡಲು ಯಾರೂ ಇರಲಿಲ್ಲ, ಕಾಕಾ ಅಲ್ಲಿ ತಂತಿಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ಕಾಕುವಿನ ಮಂಡಿ ಬಿಗಿಯುತ್ತಿದೆ, ಅದಕ್ಕೇ ಇವರು ಹೆಚ್ಚು ನಿಲ್ಲುತ್ತಿದ್ದಾರೆ ಎಂದುಕೊಂಡೆವು. ಸೇಠ್ ಸ್ಟೂಲು ಹಾಕಿಸಿದ್ದು ಆಗಲೇ. ಕೂರುವವರು ಕಾಕಾ. ಕಾಕು ಬಂದು ಮುಟ್ಟಿದಾಗ ಎದ್ದು ಆ ಸ್ಟೂಲನ್ನು ಅವರಿಗೆ ಕೊಡುವರು.

ಒಂದು ಚಳಿಗಾಲದಲ್ಲಿ ಕಾಕಾ ಉಗುರು ತೆಗೆಯುವಾಗ ಕಾಲಿನ ಹೆಬ್ಬೆರಳ ಪಕ್ಕದ ಬೆರಳಿಗೆ ಸಣ್ಣ ಗಾಯ ಮಾಡಿಕೊಂಡರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಅರಿಶಿನ ಹಚ್ಚಿದರು, ಮುಲಾಮು ಹಚ್ಚಿದರು, ಗಾಯ ಮಾಯಲಿಲ್ಲ. ಬೆರಳ ತುದಿ ನೇರಳೆಯಾಯಿತು. ಕಡೆಗೆ ಒಂದು ದೊಡ್ಡ ಆಸ್ಪತ್ರೆಯ ರಕ್ತನಾಳದ ಸರ್ಜನ್ ಹತ್ತಿರ ಕರೆದುಕೊಂಡು ಹೋದೆವು. ನನ್ನ ಗಂಡನಿಗೆ ಡ್ಯೂಟಿ, ಹಾಗಾಗಿ ಜೊತೆಗೆ ನಾನು.

ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ತೆಲುಗು ಹೆಣ್ಣುಮಗಳು. ಮೊದಲು ಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು. ಆಮೇಲೆ ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನು ಕಾಲಿನ ಗಿಣ್ಣಿಗೆ ಕಟ್ಟಿಸಿದರು. ಕಾಕಾಗೆ ಬೆರಗು. "ಕಾಲಿಗೂ ಬಿ.ಪಿ. ನೋಡ್ತಾರ ನೋಡವಾ! ನಮ್ಮ ಕಂಪ್ರೆಸರ್ದಾಗ ಲೈನಿಗೊಂದು ಗೇಜ್ ಇತ್ತಲ್ಲ, ಹಂಗ!" ತೋಳಿನಲ್ಲಿ ಇದ್ದ ಒತ್ತಡದ ಅರ್ಧವೂ ಕಾಲಿನಲ್ಲಿ ಇರಲಿಲ್ಲ.

"ಎಂತ ದೂರಂ ನಡುಸ್ತಾರು?" ಎಂದು ಕೇಳಿದರು ಡಾಕ್ಟರು. ಎಷ್ಟು ದೂರ ನಡೆಯುತ್ತೀರಿ ಅಂತ.

ಕಾಕಾ ತೆಲುಗಿನಲ್ಲೇ ಜಂಬದಿಂದ, ಬೇಗಂ ಬಜಾರ್ ಪೂರ್ತಿ ನಡೆಯುತ್ತೇನೆ ಅಂದರು.

"ನಿಲ್ಲದೆ?"

ಕಾಕಾ ಫ್ಯಾನಿನ ಕಡೆ ನೋಡಿದರು. ಆಮೇಲೆ ಅವರ ತೆಲುಗು ಎಲ್ಲೋ ಹೋಯಿತು, ಕನ್ನಡದಲ್ಲಿ ಹೇಳತೊಡಗಿದರು, ನಾನು ತೆಲುಗು ಮಾಡಿ ಹೇಳಿದೆ. "ಸ್ಟೇಷನ್ ಬಿಟ್ಟು ಬಾಳಿಹಣ್ಣಿನ ಗಾಡಿ ಮಟ. ಅಲ್ಲಿಂದ ಕೀಲಿ ಅಂಗಡಿ. ಅಲ್ಲಿಂದ ಹಗ್ಗದಾಂವ. ಅಲ್ಲಿಂದ ಕಂಬ."

"ಕಂಬದ ಹತ್ತಿರ ಯಾಕೆ?"

"ಮೀನಖಂಡ ಹಿಡೀತೈತ್ರಿ. ಹಿಂಡಿದಂಗ ಆಗತೈತಿ. ನಿಂತ್ರ ಬಿಡತೈತಿ."

"ಎಷ್ಟು ದಿನದಿಂದ?"

"ದಿನ ಎಲ್ಲೀದು ಬಿಡ್ರಿ. ರಿಟೈರ್ ಆಗೂಕಿಂತ ಮೊದ್ಲಿಂದ."

ಪಕ್ಕದಲ್ಲಿ ಕೂತಿದ್ದ ಕಾಕು ಮೆಲ್ಲಗೆ ತಿರುಗಿ ಗಂಡನ ಮುಖ ನೋಡಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ, ನನಗೆ ಕೇಳಿಸುವಷ್ಟೇ ದನಿಯಲ್ಲಿ, "ಅಂದ್ರ ನನ್ ಸಲುವಾಗಿ ನಿಲ್ತಿದ್ದಿಲ್ಲ ನೀವು" ಅಂದರು.

"ಏ, ಅದೂ ಇತ್ತು ಬಿಡ."

"ಅದೂ," ಅಂದರು ಕಾಕು. ಮತ್ತೆ ನನ್ನ ಕಡೆ ತಿರುಗಿ, "ಅದೂ ಅಂತ, ಕೇಳಿದೇನವಾ?" ಅಂದರು. ಆಮೇಲೆ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು. ಬೆರಳು ಕಪ್ಪಾಗುವ ಭಯದ ನಡುವೆ ಈ ಇನ್ನೊಂದು ನೋವು ಬಂದು ಕೂತಿತ್ತು. ಇಷ್ಟು ವರ್ಷ ಆ ಬೀದಿಯಲ್ಲಿ ತನಗೆ ಸಿಕ್ಕಿದ್ದೆಂದು ಆಕೆ ಒಳಗೆ ಜೋಪಾನ ಮಾಡಿದ್ದು ತನ್ನದೇ ಅಲ್ಲವೇನೋ ಅನ್ನುವ ನೋವು.

ಕಾಲಿಗೆ ಬೈಪಾಸ್ ಮಾಡಬೇಕು ಎಂದಾಯಿತು. ಅದಕ್ಕೆ ಮುಂಚೆ ಎದೆಯ ತಪಾಸಣೆ. ಎದೆನೋವು ಬರುತ್ತದೆಯೇ, ಏದುಸಿರು ಬರುತ್ತದೆಯೇ ಎಂದರೆ ಕಾಕಾ, "ಏನೂ ಇಲ್ರಿ, ಎದಿ ಗಟ್ಟಿ ಐತಿ" ಎಂದು ಗುದ್ದಿಕೊಂಡು ತೋರಿಸಿದರು. ಇ.ಸಿ.ಜಿ. ಚೆನ್ನಾಗಿತ್ತು, ಎಕೋ ಚೆನ್ನಾಗಿತ್ತು. ಡಾಕ್ಟರು ಮಾತ್ರ ಒಪ್ಪಲಿಲ್ಲ. ಅವರು ತೆಲುಗಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಎದೆನೋವು ಬರಬೇಕಾದರೆ ಎದೆಗೆ ದಣಿವಾಗಬೇಕು. ಇಂಥವರಿಗೆ ಅದಕ್ಕೆ ಮುಂಚೆಯೇ ಕಾಲು ಹಿಡಿದು ನಿಲ್ಲಿಸಿಬಿಡುತ್ತದೆ. ಎದೆಗೆ ತನ್ನ ದೂರು ಹೇಳಲು ಅವಕಾಶವೇ ಸಿಗುವುದಿಲ್ಲ. ಕಾಲಿನ ನಾಳ ಕಟ್ಟಿದವರ ಎದೆಯ ನಾಳವೂ ಸದ್ದಿಲ್ಲದೆ ಕಟ್ಟಿರುವುದು ಬಹಳ. ಹಾಗಾಗಿ ರಕ್ತವನ್ನು ಕೇಳಿ ನೋಡೋಣ ಅಂದರು. ಹೃದಯದ ಸ್ನಾಯುವಿಗೆ ತ್ರಾಸಾದರೆ ಅದರೊಳಗಿನ ಟ್ರೋಪೋನಿನ್ ಎಂಬ ಒಂದು ಪದಾರ್ಥ ಒಂದಿಷ್ಟು ರಕ್ತಕ್ಕೆ ಸೋರುತ್ತದೆ, ಈಗಿನ ಯಂತ್ರಗಳು ಸ್ವಲ್ಪ ಸೋರಿದರೂ ಹಿಡಿಯುತ್ತವೆ. ಜೊತೆಗೆ, ರಕ್ತನಾಳದ ಆಪರೇಶನ್ನಿಗೆ ಬರುವವರಲ್ಲಿ ಯಾರ ಎದೆಯಲ್ಲಿ ಇಂಥದ್ದು ಅಡಗಿದೆ ಎಂದು ರಕ್ತದಿಂದಲೇ ಮೊದಲು ತಿಳಿಯಬಹುದೇ ಎಂದು ಅವರ ವಿಭಾಗದಲ್ಲಿ ಅಧ್ಯಯನ ನಡೆದಿತ್ತಂತೆ. ಅದಕ್ಕೆ ಇನ್ನೊಂದು ಟ್ಯೂಬು ರಕ್ತ ಕೊಡುತ್ತೀರಾ, ಕೊಡದಿದ್ದರೂ ನಿಮ್ಮ ಚಿಕಿತ್ಸೆಯಲ್ಲಿ ವ್ಯತ್ಯಾಸವಿಲ್ಲ ಅಂದರು.

"ತಗೊಳ್ರಿ, ತಗೊಳ್ರಿ," ಎಂದು ಕಾಕಾ ತೋಳು ಚಾಚಿದರು. "ಮನ್ಯಾಗ ಇಕಿ ದಿನಾ ಹೀರೂದರಾಗ ನಿಮ್ದು ಯಾ ಲೆಕ್ಕ!"

ಬೇರೆ ದಿನವಾಗಿದ್ದರೆ ಕಾಕು ಸೆರಗಿನ ತುದಿಯಿಂದಾದರೂ ಒಂದು ಏಟು ಹಾಕುತ್ತಿದ್ದರು. ಅವತ್ತು ಕಿಟಕಿಯ ಕಡೆ ನೋಡುತ್ತಿದ್ದರು. ಕಾಕಾ ನನ್ನ ಮುಖ ನೋಡಿದರು. ಹಾಸ್ಯಕ್ಕೆ ಉತ್ತರ ಬರದಿದ್ದಾಗ ಅವರು ಅಷ್ಟು ಕಂಗಾಲಾದದ್ದನ್ನು ನಾನು ಅವತ್ತೇ ನೋಡಿದ್ದು.

ಟ್ರೋಪೋನಿನ್ ಇರಬೇಕಾದ್ದಕ್ಕಿಂತ ಕೊಂಚ ಹೆಚ್ಚು ಬಂತು. ಮತ್ತೆ ರಕ್ತ ತೆಗೆದರು. ಏರಿರಲಿಲ್ಲ, ಇಳಿದೂ ಇರಲಿಲ್ಲ. ಇದೇ ಕೊನೆಯ ಮಾತಲ್ಲ, ಕಿಡ್ನಿ ಸೋತರೂ ಹೀಗೆ ಬರಬಹುದು, ಆದರೆ ಎದೆಯೊಳಗೆ ನೋಡದೆ ನಾನು ಕಾಲಿಗೆ ಕೈ ಹಾಕುವುದಿಲ್ಲ ಅಂದರು ಡಾಕ್ಟರು. ಆಂಜಿಯೋಗ್ರಾಂ ಆಯಿತು. ಎಡಗಡೆಯ ಮುಖ್ಯ ನಾಳವೇ ಕಟ್ಟುತ್ತಾ ಬಂದಿತ್ತು. ಹಾಗೇ ಕಾಲಿನ ಆಪರೇಶನ್ ಮಾಡಿದ್ದರೆ ಟೇಬಲ್ ಮೇಲೇ ಏನಾದರೂ ಆಗಬಹುದಿತ್ತು. ಎದೆಯ ಬೈಪಾಸ್ ಮೊದಲು. ಕಾಲು ಕಾಯಬೇಕು. ಕಾಯುವಾಗ ಬೆರಳು ಹೋದರೂ ಹೋಗಬಹುದು.

ಕಾಕಾ ಒಪ್ಪಲಿಲ್ಲ. ಮಂಚದ ಮೇಲೆ ಎದ್ದು ಕೂತು ವಾದಕ್ಕಿಳಿದರು. "ಎದಿ ನೋಯ್ವಲ್ದು. ನೋಯಾಕತ್ತಿದ್ದು ಕಾಲು. ನೋಯೂದು ಬಿಟ್ಟು ನೋಯಲಾರದ್ದು ಯಾಕ ಕೊಯ್ತೀರಿ? ಕಾಲ ಹೋದ್ರ ನಾ ಏನ್ ಮಾಡ್ಲಿ, ಮನ್ಯಾಗ ಕುಂತು ಗ್ವಾಡಿ ನೋಡ್ಲಿ?" ಕಾರ್ಖಾನೆಯ ಹಳೆಯ ಯೂನಿಯನ್ ದನಿ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಡಾಕ್ಟರು ಹೇಳಿ ಸೋತರು, ನಾನು ಹೇಳಿ ಸೋತೆ.

ಆಗ ಕಾಕು ಎದ್ದರು. ಆ ಬೆಂಚಿನ ಮಾತಾದಾಗಿನಿಂದ ಊಟ ಆಯಿತೇ, ಗುಳಿಗೆ ಆಯಿತೇ ಎನ್ನುವುದರ ಹೊರತು ಒಂದು ಮಾತಾಡಿರಲಿಲ್ಲ ಅವರು.

"ಇಷ್ಟು ವರ್ಷ ಕಾಲು ನೋಯ್ತಿದ್ರೂ ನೀವು ಬಾಯಿ ಬಿಡಲಿಲ್ಲ. ಈಗ ಎದಿ ನೋಯ್ವಲ್ದು ಅಂದ್ರ ನಾ ಹೆಂಗ ನಂಬ್ಲಿ? ನಿಮ್ಮ ಬಾಯಿ ಖರೇ ಹೇಳಲಿಲ್ಲ. ನಿಮ್ಮ ರಕ್ತ ಖರೇ ಹೇಳೈತಿ. ನಾ ಅದರ ಮಾತು ಕೇಳಾಕಿ."

ಕಾಕಾ ಗೋಡೆಯ ಕಡೆ ಹೊರಳಿ ಮಲಗಿದರು. ಗೋಡೆಗೇ ಹೇಳಿದಂತೆ, "ಆತು, ಮೊದ್ಲ ಎದಿ ಕೊಯ್ರಿ" ಅಂದರು.

ಎದೆಯ ಆಪರೇಶನ್ ಚೆನ್ನಾಗಿ ಆಯಿತು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಅವರು ಎದೆಗೆ ದಿಂಬು ಅವುಚಿಕೊಂಡು ಕೂತಿದ್ದರು. ಕೆಮ್ಮಿದರೆ ಹೊಲಿಗೆ ಎಳೆಯುತ್ತದೆಂದು ಅಲ್ಲಿ ಎಲ್ಲರಿಗೂ ಒಂದೊಂದು ದಿಂಬು. ಕಾಕು ಔಷಧ ತರಲು ಕೆಳಗೆ ಹೋಗಿದ್ದರು. ನಾನು ಕೇಳಿಯೇಬಿಟ್ಟೆ. "ಕಾಕಾ, ಕಾಲು ಹಿಡೀತೈತಿ ಅಂತ ಒಮ್ಮೆರ ಹೇಳಬಾರದಾಗಿತ್ತೇನ್ರಿ?"

ಅವರು ದಿಂಬನ್ನು ತಿರುಗಿಸುತ್ತಾ ಕೂತರು. "ಹೇಳಿದ್ರ ಅಕಿ ಬಜಾರಕ್ಕ ಬರೂದ ಬಿಡ್ತಿದ್ಲು ತಂಗೆವ್ವ. ಮಂಡಿ ನೋವಂತ ಮೊದ್ಲ ನೆವಾ ಹುಡುಕ್ತಿದ್ಲು. ನೀವೂ ಬ್ಯಾಡ, ನಾನೂ ಬ್ಯಾಡ, ಮನ್ಯಾಗ ಇರೂಣು ಅಂತಿದ್ಲು. ನಾ ಅಕಿ ಸಲುವಾಗಿ ನಿಂತೀನಿ ಅನ್ನೂದು ಅಕಿಗೆ ಬೇಕಿತ್ತು. ನಿಲ್ಲಾಕ ನನಗ ಅಕಿ ಬೇಕಿತ್ತು. ಇದರಾಗ ಸುಳ್ಳು ಯಾವುದು, ಖರೇ ಯಾವುದು, ನನಗೇ ತಿಳೀವಲ್ದು."

ಸಂಜೆ ಕಾಕುವಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ನಾನು ಅದನ್ನು ಹಾಗೇ ಒಪ್ಪಿಸಿದೆ. ಕಾಕು ಒಲೆಯ ಉರಿ ಸಣ್ಣ ಮಾಡಿದರು. "ಹಂಗಂದ್ರಾ?" ಅಂದರು. ತವೆಯ ಮೇಲಿನ ರೊಟ್ಟಿ ಕರಕಲಾಗುತ್ತಿತ್ತು. "ಏನಂದ್ರಂತ ಇನ್ನೊಮ್ಮೆ ಹೇಳು," ಅಂದರು.

ಬೆರಳು ಉಳಿಯಲಿಲ್ಲ. ಕಾಲು ಉಳಿಯಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅದೇ ಡಾಕ್ಟರು ಕಾಲಿನ ಆಪರೇಶನ್ ಮಾಡಿದರು. "ಒಂದ್ ಬೆರಳ ಕೊಟ್ಟು ಎದಿ ಇಸ್ಕೊಂಡೀನಿ" ಎಂದು ಕಾಕಾ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೂ ಪಾದ ತೋರಿಸಿದರು. ಸಿಗರೇಟು ನಿಂತಿತು. ಜೇಬಿನಲ್ಲಿ ಸೋಂಪಿನ ಡಬ್ಬಿ ಬಂತು. ದಿನಾ ನಡೆಯಬೇಕು, ನಡೆಯುವುದನ್ನು ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಬೇಸಿಗೆ ಶುರುವಾಗುವ ಮುನ್ನ ನಾವು ಮತ್ತೆ ಬೇಗಂ ಬಜಾರಿಗೆ ಹೋದೆವು. ನಾಂಪಲ್ಲಿ ಸ್ಟೇಷನ್ನಿನಿಂದ ಹೊರಬಿದ್ದ ಕಾಕಾ ಬಾಳೆಹಣ್ಣಿನ ಗಾಡಿಯನ್ನು ದಾಟಿದರು. ಬೀಗದ ಅಂಗಡಿ ದಾಟಿದರು. ಹಗ್ಗದವನು "ಚಾಚಾ!" ಎಂದು ಕೂಗಿದ, ಕಾಕಾ ಕೈ ಬೀಸಿ ಹೋಗಿಬಿಟ್ಟರು. ಬೆನ್ನು ನೆಟ್ಟಗಿತ್ತು. ಕಂಬ ಹೋಯಿತು, ಹಿತ್ತಾಳೆ ಅಂಗಡಿ ಹೋಯಿತು, ಅವರ ತಲೆಯ ಮೇಲಿನ ಕರವಸ್ತ್ರ ಜನರ ನಡುವೆ ಒಮ್ಮೆ ಕಂಡು, ಮತ್ತೆ ಕಾಣಲಿಲ್ಲ.

ಕಾಕು ಮತ್ತು ನಾನು ಹಿತ್ತಾಳೆ ಅಂಗಡಿಯ ತನಕ ಬಂದೆವು. ಸೇಠ್ ಸ್ಟೂಲು ಸರಿಸಿ, "ಚಾಚಾ ಆಜ್ ರುಕೇ ಹೀ ನಹೀಂ!" ಅಂದ, ಇವತ್ತು ನಿಲ್ಲಲೇ ಇಲ್ಲ ಅಂತ. ಕಾಕು ಕೂತರು. "ಹೋಗ್ಲಿ ಬಿಡು. ಎಷ್ಟು ವರ್ಷಕ್ಕ ಹಿಂಗ ನಡದಾರ. ಹೋಗ್ಲಿ," ಅಂದರು. ಬೆರಳು ಮಾತ್ರ ಕೈಚೀಲದ ಹಿಡಿಯನ್ನು ಸುತ್ತುತ್ತಿತ್ತು. ಈ ಬೀದಿಯಲ್ಲಿ ತಾನು ಹಿಂದೆ ಉಳಿದೆ ಎಂದು ಅವರಿಗೆ ಅನಿಸಿದ್ದು ಅದೇ ಮೊದಲ ಸಲ ಇರಬೇಕು. ನಾನು ಒಂದು ತಂಬಿಗೆ ಎತ್ತಿ ಬಡಿದೆ.

ಅಷ್ಟರಲ್ಲಿ ತಳ್ಳುಗಾಡಿಗಳ ನಡುವೆ ಅದೇ ಕರವಸ್ತ್ರ. ಈ ಸಲ ನಮ್ಮ ಕಡೆಗೆ. ಕಾಕಾ ಬೆವರುತ್ತಾ, ನಗುತ್ತಾ ಬಂದು ಎದುರು ನಿಂತರು.

"ಯಾಕ ಬಂದ್ರಿ? ಹೋಗಿದ್ರಲ್ಲ," ಅಂದರು ಕಾಕು.

"ಡಾಕ್ಟರು ನಿಲ್ಲಬ್ಯಾಡ ಅಂದಾರ. ನಿಂತು ಕಾಯೂ ಹಂಗಿಲ್ಲ. ಹೊಳ್ಳಿ ಬರಾಕ ಏನೂ ಅಡ್ಡಿ ಇಲ್ಲಲ್ಲ."

"ಈಗ ಯಾರ ಸಲುವಾಗಿ?"

ಕಾಕಾ ಕುತ್ತಿಗೆ ಒರೆಸಿಕೊಂಡರು. "ಈಗ ಕಾಲಿನ ನೆವಾನೂ ಇಲ್ಲ. ನೀನ ತಿಳ್ಕೊ."

ಕಾಕುವಿನ ಕಿವಿ ಕೆಂಪಾಯಿತು. ಸೇಠ್‌ಗೆ ಕನ್ನಡ ಬಾರದು, ಆದರೂ ಅವನು ಮುಖ ತಿರುಗಿಸಿ ಪಾತ್ರೆ ಒರೆಸತೊಡಗಿದ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಕಾಕಾ ಮುಂದೆ ಹೋಗುವರು, ಹೊಳ್ಳಿ ಬರುವರು, ಮತ್ತೆ ಹೋಗುವರು. ಕಾಕು ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಕಾಕಾ ಆ ಬೀದಿಯನ್ನು ಎಷ್ಟು ಸಲ ನಡೆದಿರುತ್ತಿದ್ದರೋ. ಅಂಗಡಿಯವರಿಗೆ ಮಾತು ಕಡಿಮೆಯಾದದ್ದಕ್ಕೆ ಬೇಸರ. ಹಗ್ಗದವನು, "ಕಾಲು ಸರಿಯಾದ ಮೇಲೆ ಚಾಚಾಗೆ ಗರ್ವ ಬಂತು" ಅನ್ನುತ್ತಿದ್ದ. ಆಸ್ಪತ್ರೆಗೆ ತೋರಿಸಲು ಹೋದಾಗಲೆಲ್ಲ ಡಾಕ್ಟರು ನಗುತ್ತಾ, ಈಗ ಯಾವ ಅಂಗಡಿಯವರೆಗೆ ಎಂದು ಕೇಳುವರು. "ಎಲ್ಲಾ ಅಂಗಡಿ ದಾಟೀನ್ರಿ," ಎಂದು ಕಾಕಾ ಕನ್ನಡದಲ್ಲೇ ಹೇಳುವರು. ಅದನ್ನು ತೆಲುಗು ಮಾಡುವ ಅಗತ್ಯ ಬೀಳುತ್ತಿರಲಿಲ್ಲ.

ಹಾಗೆ ಕೆಲವು ವರ್ಷ ಸಿಕ್ಕಿದವು. ಹೋದ ಮಳೆಗಾಲದ ಒಂದು ಬೆಳಿಗ್ಗೆ ಕಾಕಾ ಚಹಾ ಕುಡಿದು ಪೇಪರ್ ಕೇಳಿದರು. ಕಾಕು ಬಾಗಿಲಿಗೆ ಹೋಗಿ ಪೇಪರ್ ತರುವಷ್ಟರಲ್ಲಿ ಅವರು ಇರಲಿಲ್ಲ. ಲೋಟ ಇನ್ನೂ ಬೆಚ್ಚಗಿತ್ತು ಎಂದು ಕಾಕು ನನಗೆ ಆಮೇಲೆ ಹೇಳಿದರು.

ಬಹಳ ತಿಂಗಳು ನಾವು ಆ ಕಡೆ ಹೋಗಲಿಲ್ಲ. ಗಲ್ಲಿಯ ಅಂಗಡಿಯ ಬೇಳೆಯಲ್ಲೇ ಸಾರು ಮಾಡಿದೆವು. ಹಲ್ಲಲ್ಲಿ ಕಡಿದರೆ ಅದು ಟಕ್ ಅನ್ನುತ್ತಿರಲಿಲ್ಲ. ಮೊನ್ನೆ ತಿಂಗಳ ಮೊದಲ ವಾರ ಕಾಕು ತಾವೇ ಕೈಚೀಲ ಮಡಚಿಕೊಂಡು ನಮ್ಮ ಬಾಗಿಲಿಗೆ ಬಂದರು. "ನಡಿ, ಬಜಾರಕ್ಕ," ಅಂದರು.

ನಾಂಪಲ್ಲಿಯಲ್ಲಿ ಇಳಿದು ನಡೆದೆವು. ಬಾಳೆಹಣ್ಣಿನವನು ಏನೂ ಕೇಳದೆ ಎರಡು ಹಣ್ಣು ಕಾಕುವಿನ ಕೈಗಿಟ್ಟ. ಹಗ್ಗದವನು ಎದ್ದು ನಿಂತ. ಹಿತ್ತಾಳೆ ಅಂಗಡಿಯ ಮುಂದೆ ಸೇಠ್ ಸ್ಟೂಲನ್ನು ತನ್ನ ಹೆಗಲ ಬಟ್ಟೆಯಿಂದ ಒರೆಸಿದ. ಕಾಕು ಕೂತರು. ಬೀದಿಯ ಮುಂದಿನ ತಿರುವಿನ ಕಡೆಗೆ, ತಳ್ಳುಗಾಡಿಗಳ ನಡುವೆ ದಾರಿ ಬಿಟ್ಟುಕೊಂಡಾಗೊಮ್ಮೆ ಕಾಣುವ ಆ ಕಡೆಗೆ, ನೋಡುತ್ತಾ ಕೂತರು. ನಾನೂ ನೋಡಿದೆ. ಮೂಟೆ ಹೊತ್ತ ಹಮಾಲರು ಬಂದರು, ಬುರ್ಖಾದ ಹೆಣ್ಣುಮಕ್ಕಳು ಬಂದರು, ಸ್ಕೂಟರ್ ತಳ್ಳಿಕೊಂಡು ಯಾರೋ ಬಂದರು.

ಕಡೆಗೆ ಕಾಕುವೇ ನನ್ನ ಕೈ ಹಿಡಿದು, ಮಂಡಿಯ ಮೇಲೆ ಒಂದು ಕೈ ಊರಿ ಎದ್ದರು. ನೆರಿಗೆ ಎತ್ತಿ ಹಿಡಿದರು.

"ನಡಿಯವಾ," ಅಂದರು. "ಪ್ರತಿ ಸಲ ಅವರ ಹೊಳ್ಳಿ ಬರಬೇಕೇನು? ಈ ಸಲ ನಾವ ಹೋಗೂಣು."